ಕೂಗುವ ತಗಡು

ಗಿಣಿಯ ಎಡಗಡೆಯ ಜಡೆ ಮುಗಿಸಿ ಅಮ್ಮ ಬಲಗಡೆಗೆ ಬಾಚಣಿಗೆ ಹಾಕಿದ್ದಳಷ್ಟೆ, ಬೀದಿಯ ತಿರುವಿನಲ್ಲಿ ಯಾರೋ ಕಬ್ಬಿಣದ ಬಾಗಿಲನ್ನು ಕಲ್ಲಿನ ಮೇಲೆ ದರದರ ಎಳೆದಂತೆ ಸದ್ದಾಯಿತು. ಎದುರುಮನೆಯ ನಾಯಿ ಬೊಗಳಿತು. ಪಕ್ಕದ ಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಸದ್ದಿನ ಬೆನ್ನಿಗೇ ತಾತನ ಹಳೇ ಪಿಕಪ್ಪು ಬಂದು ಗೇಟಿನೆದುರು ನಿಂತಿತು. ತಾತ ಇಳಿದು ಬಾನೆಟ್ಟನ್ನು ಹಸುವಿನ ಬೆನ್ನಿನ ಹಾಗೆ ಸವರಿ, "ಏನ್ ಚೆನ್ನಾಗಿ ಓಡ್ತಿದೆ ಅಂತೀಯ!" ಎಂದ.

ಅಮ್ಮ ಬಾಚಣಿಗೆಯನ್ನು ಗಿಣಿಯ ಕೂದಲಲ್ಲೇ ಸಿಕ್ಕಿಸಿ ಎದ್ದಳು. "ಓಡ್ತಿಲ್ಲಪ್ಪಾ, ಅಳ್ತಿದೆ. ಜಾಕ್ ತೆಗಿ."

ಗಿಣಿಗೆ ಎಂಟು ವರ್ಷ. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲದವಳೆಂದೇ ಆ ಹೆಸರು. ಅಂಥವಳು ಒಂದೇ ಒಂದು ಮಾತನ್ನು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ತಾತನ ಪಕ್ಕ ಕೂತು ಶಾಲೆಗೆ ಹೋಗುವಾಗ ಹಿಂದಿನಿಂದ ಹಾರನ್ ಆದರೆ ಅವಳು ಅವನ ಮೊಣಕಾಲು ತಟ್ಟುತ್ತಿದ್ದಳು. ಅವನು ಕನ್ನಡಿ ನೋಡಿ ದಾರಿ ಬಿಡುತ್ತಿದ್ದ. ಯಾಕೆ ತಟ್ಟಿದೆ ಎಂದು ಅವನು ಕೇಳಿದ್ದಿಲ್ಲ, ಯಾಕೆ ತಟ್ಟಬೇಕು ಎಂದು ಅವಳೂ ಕೇಳಿದ್ದಿಲ್ಲ. ಕೇಳಿದರೆ ಅಮ್ಮನಿಗೆ ತಿಳಿಯುತ್ತದೆ. ತಿಳಿದರೆ ಅಮ್ಮ ಗಾಡಿಯ ಕೀಲಿ ಕಿತ್ತಿಟ್ಟುಕೊಳ್ಳುತ್ತಾಳೆ. ಆಮೇಲೆ ಗಿಣಿಗೆ ಶಾಲೆಯ ವ್ಯಾನು, ತಾತನಿಗೆ ಮೂಲೆಯ ಕುರ್ಚಿ.

ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಮುಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಅಮ್ಮ ಗಾಡಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದಳು. ಈ ಕೆಲಸ ಅವಳಿಗೆ ಕಲಿಸಿದವನು ತಾತನೇ. ಹಾಗಾಗಿ ಸುಮ್ಮನೆ ನೋಡುತ್ತ ನಿಲ್ಲುವುದು ಅವನ ಜಾಯಮಾನವಲ್ಲ.

"ಬ್ರೇಕ್ ಹಿಡಿಯೋ ಕ್ಯಾಲಿಪರ್ ತೆಗೆದ್ರೆ ಅದ್ರ ಪೈಪಿನ ಮೇಲೆ ನೇತಾಡ್ಸಬೇಡ, ತಂತಿ ಕಟ್ಟು."

"ಕಟ್ಟಿ ಆಯ್ತಪ್ಪಾ."

"ತಂತಿ ಕಟ್ಟು ಅಂದೆ!"

"ಅಯ್ಯೋ, ಕಟ್ಟಿದೀನಿ ಮಾರಾಯಾ!" ಎಂದು ಅಮ್ಮ ತಲೆ ಹೊರಗೆ ಹಾಕಿ, ಕೈಯಲ್ಲಿ ತೋರಿಸಿದ ಮೇಲೆಯೇ ತಾತ ಸುಮ್ಮನಾದ. ಗಿಣಿ ಉಗುರು ಕಚ್ಚಿದಳು.

ಚಕ್ರದ ಹಿಂದಿನ ರೋಟರು, ಬ್ರೇಕ್ ಪ್ಯಾಡುಗಳು ಕಚ್ಚಿ ಹಿಡಿಯುವ ಆ ಕಬ್ಬಿಣದ ತಟ್ಟೆ, ಸುತ್ತಲೂ ಗೀರು ಬಿದ್ದು ಗ್ರಾಮಫೋನ್ ತಟ್ಟೆಯಂತಾಗಿತ್ತು. ಅಮ್ಮ ಅಳತೆ ಕಡ್ಡಿ ಹಿಡಿದು ದಪ್ಪ ನೋಡಿ, ಲೊಚಗುಟ್ಟಿ, ಸವೆದ ಪ್ಯಾಡನ್ನು ಎತ್ತಿ ಹಿಡಿದಳು.

"ನೋಡೇ ಗಿಣಿ, ತುದೀಲಿ ಚೂರು ತಗಡಿದ್ಯಲ್ಲಾ? ಪ್ಯಾಡು ತೆಳ್ಳಗಾದ್ರೆ ಇದು ರೋಟರಿಗೆ ತಾಗಿ ಕೀ ಅಂತ ಕೂಗತ್ತೆ, ನನ್ನ ಬದಲಾಯಿಸ್ರೋ ಅಂತ. ಇದು ತಿಂಗಳಾದ್ರೂ ಬಾಯಿ ಬಡ್ಕೊಂಡಿರ್ಬೇಕು." ಆಮೇಲೆ ತಾತನತ್ತ ತಿರುಗಿದಳು. "ಅಪ್ಪಾ, ಇಷ್ಟು ತೇಯೋವರೆಗೂ ಏನ್ ಮಾಡ್ತಿದ್ದೆ?"

ತಾತನ ಮುಖ ಕೆಂಪಾಯಿತು. "ಕೂಗೇ ಇಲ್ಲ! ನನ್ನಾಣೆ, ಒಂದಿನಾನೂ ಕೂಗಿಲ್ಲ. ಮೋಸದ ಮಾಲು ದಾಟ್ಸಿದಾಳೆ ಆ ಅಂಗಡಿಯಮ್ಮ."

ಬಿಡಿಭಾಗದ ಅಂಗಡಿಯಮ್ಮ ಗಿಣಿಗೆ ಹೋದಾಗಲೆಲ್ಲ ಹಳೇ ಬೇರಿಂಗಿನ ಗುಂಡು ಕೊಡುತ್ತಿದ್ದಳು. ಅಂಥ ಐದು ಗುಂಡುಗಳು ಗಿಣಿಯ ಪೆನ್ಸಿಲ್ ಡಬ್ಬಿಯಲ್ಲಿದ್ದವು. ತಗಡಂತೂ ಕೂಗಿತ್ತು. ಶಾಲೆಯ ಗೇಟಿನಲ್ಲಿ ಗಿಣಿ ಕಿವಿ ಮುಚ್ಚಿಕೊಳ್ಳುವಷ್ಟು, ಮಕ್ಕಳೆಲ್ಲ "ಬಂತಪ್ಪಾ ಪೀಪಿ ಗಾಡಿ!" ಎಂದು ಆಡಿಕೊಳ್ಳುವಷ್ಟು ಕೂಗಿತ್ತು.

ಹಳೇ ರೋಟರು ತುಕ್ಕು ಹಿಡಿದು ಬರಲೊಲ್ಲೆನೆಂದಿತು. ತಾತ ರಬ್ಬರ್ ಸುತ್ತಿಗೆಯಿಂದ ಒಂದು ಏಟು ಹಾಕಿ, ಕಾಲು ಸುತ್ತು ತಿರುಗಿಸಿ ಇನ್ನೊಂದು ಹಾಕಿದ. ಆರನೇ ಏಟಿಗೆ ಅದು ಕಳಚಿ ಅವನ ತೊಡೆಯ ಮೇಲೇ ಬಂದು ಕೂತಿತು. ಅಟ್ಟದ ಮೇಲೆ ಕಾಗದ ಸುತ್ತಿಟ್ಟಿದ್ದ ಹೊಸ ಜೋಡಿ ರೋಟರು, ಪ್ಯಾಡುಗಳು ಕೆಳಗಿಳಿದವು. ಎರಡೂ ಕಡೆ ಒಟ್ಟಿಗೇ ಬದಲಾಗಬೇಕು, ಇಲ್ಲದಿದ್ದರೆ ಬ್ರೇಕು ಒಂದೇ ಕಡೆ ಎಳೆಯುತ್ತದೆ. ಹೊಸ ತಟ್ಟೆಗಳ ಎಣ್ಣೆಯನ್ನು ಗಿಣಿಯೇ ಒರೆಸಿದಳು. ಹೊಸ ಪ್ಯಾಡು ಕೂತವು, ಚಕ್ರ ಏರಿದವು. ತಾತ ಪೆಡಲ್ ಒತ್ತಿದ. ಮೊದಲ ಸಲ ನೆಲ ಮುಟ್ಟಿದ ಪೆಡಲು ನಾಲ್ಕನೇ ಸಲಕ್ಕೆ ಗಟ್ಟಿಯಾಯಿತು.

ಅಷ್ಟಾದದ್ದೇ ತಡ, ತಾತ ಸವೆದ ಪ್ಯಾಡನ್ನು ಬಟ್ಟೆಯಲ್ಲಿ ಸುತ್ತಿದ. "ಹತ್ತೇ ಗಿಣಿ! ಬ್ರೇಕ್ ಪರೀಕ್ಷೆನೂ ಆಯ್ತು, ಆ ಅಂಗಡಿಯಮ್ಮನ ನೀರಿಳಿಸಿದ್ದೂ ಆಯ್ತು."

"ಜಗಳ ಯಾಕಪ್ಪಾ?" ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತ. ತಾತ ಆಗಲೇ ಕೀಲಿ ತಿರುಗಿಸಿದ್ದ.

ಬೀದಿಯ ತಿರುವಿನಲ್ಲಿ ಅವನು ಬ್ರೇಕ್ ಒತ್ತಿದ. ಗಾಡಿ ಬೆಕ್ಕಿನ ಹೆಜ್ಜೆಯಲ್ಲಿ ನಿಂತಿತು. ಎದುರುಮನೆಯ ನಾಯಿ ತಲೆ ಕೂಡ ಎತ್ತಲಿಲ್ಲ. ತಾತನ ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅವನ ಪಾಲಿಗೆ ನಿನ್ನೆಯೂ ಹೀಗೇ ನಿಂತಿತ್ತು.

ಗಿಣಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿ ನೋಡಿದಳು. ತಾತ ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

ಅವಳು ಅವನ ಮೊಣಕಾಲು ತಟ್ಟಿದಳು. ತಾತ ಅಭ್ಯಾಸದಂತೆ ಕನ್ನಡಿ ನೋಡಿದ. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಗೇಟಿನ ಹತ್ತಿರ ಅಮ್ಮ ಒಬ್ಬಳೇ ನಿಂತಿದ್ದಳು. ತಾತ ಹುಬ್ಬು ಗಂಟಿಕ್ಕಿ ಗಿಣಿಯ ಕಡೆ ತಿರುಗಿದ. ಒಂದು ಜಡೆ, ಒಂದು ಬಾಚಣಿಗೆ, ಎರಡೂ ಕೆನ್ನೆಗೆ ಗ್ರೀಸು. ಮೊಮ್ಮಗಳು ಉಸಿರು ಎಳೆದುಕೊಂಡು, ಅವನ ಕೈ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೇಳಿದಳು:

"ತಾತಾ, ಅದು ಅಷ್ಟು ಕೂಗಿದ್ದು ನಿಂಗೆ ಕೇಳಿಸ್ಲೇ ಇಲ್ವಾ?"