ರಾಸ್‌ನ ಎಂಜಿನ್

ಒಗೆಯುವ ಮಷೀನಿನಿಂದ ನಾನು ಒದ್ದೆ ಬೆಡ್‌ಶೀಟು ಎಳೆಯುತ್ತಿದ್ದಾಗ ನನ್ನ ಕಿರಿಮಗ ರಾಸ್ ತನ್ನ ಅಣ್ಣನ ಮುಖಕ್ಕೆ ಗುದ್ದಿದ. ಗ್ಯಾವಿನ್‌ನ ಮೂಗು ಮುರಿದದ್ದು ನನಗೆ ಕೇಳಿಸಿತು. ಕ್ಯಾರೆಟ್ ಮುರಿದಂಥ ಸದ್ದು. ಬಿಳಿ ಶೀಟಿನ ಮೇಲೆ ರಕ್ತ ಚಿಮ್ಮಿತು.

ಇಂಗ್ಲೆಂಡಿನ ಕೆಟರಿಂಗ್ ಊರಿನ ನಮ್ಮ ಮನೆಯಲ್ಲಿ ಅಡಿಗೆಮನೆ ಇಕ್ಕಟ್ಟು, ಹಾಗಾಗಿ ಮಷೀನು ಇರುವುದು ಗ್ಯಾರೇಜಿನಲ್ಲಿ. ಅದರ ಪಕ್ಕದಲ್ಲೇ ಗ್ಯಾವಿನ್ ಎರಡು ಚಳಿಗಾಲದಿಂದ ಕಾರು ಕಟ್ಟುತ್ತಿದ್ದ. ಕೊಳವೆಗಳ ಹಂದರವಾದ ಚಾಸಿ, ತೆಳು ಅಲ್ಯೂಮಿನಿಯಂ ಹೊದಿಕೆ, ಫೈಬರಿನ ಮೂತಿ ಎಲ್ಲ ಪೆಟ್ಟಿಗೆಗಳಲ್ಲಿ ಬಂದಿದ್ದವು. ಉಳಿದದ್ದನ್ನು ಯಾವುದಾದರೂ ಹಳೆಯ ಕಾರಿನಿಂದ ಬಿಚ್ಚಿಕೊಳ್ಳಬೇಕು. ಈ ಹುಚ್ಚಿನವರು ಅಂಥ ಕಾರನ್ನು ‘ದಾನಿ’ ಎನ್ನುತ್ತಾರೆ. ಅವರ ಕಣ್ಣಿಗೆ ರಸ್ತೆಯ ಮೇಲಿನ ಪ್ರತಿ ಹಳೆಯ ಕಾರೂ ಯಾವುದೋ ಹೊಸ ಕಾರಿನ ಬಿಡಿಭಾಗ. ರಾಸ್‌ನ ನೀಲಿ ಕಾರು ವಾಹನಗಳ ವಾರ್ಷಿಕ ತಪಾಸಣೆಯಲ್ಲಿ ಫೇಲಾಗಿ, ತಳವೆಲ್ಲ ತುಕ್ಕು ಹಿಡಿದು ಮನೆಯ ಮುಂದೆ ನಿಂತಿತ್ತು. ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಗ್ಯಾವಿನ್ ಅದನ್ನು ಬಿಚ್ಚಿಕೊಂಡ. ತಮ್ಮನ ಕಾರಿಗೆ ಮರುಜನ್ಮ ಕೊಡುತ್ತಿದ್ದೇನೆ ಎಂದೇ ನಂಬಿದ್ದ. ಕೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ರಾಸ್ ಆಗ ಜೈಲಿನಲ್ಲಿದ್ದ. ಹೆಂಡದಂಗಡಿಯಲ್ಲಿ ಒಬ್ಬನ ದವಡೆ ಮುರಿದಿದ್ದ. ಆ ದಿನ ಬೆಳಿಗ್ಗೆಯಷ್ಟೇ ಷರತ್ತಿನ ಮೇಲೆ ಬಿಡುಗಡೆಯಾಗಿ ಬಂದಿದ್ದ. ಅವನ ಮೇಲ್ವಿಚಾರಣೆಗೆ ನೇಮಿಸಿದ್ದ ಅಧಿಕಾರಿ ಹೆಂಗಸು ನನಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದಳು: ಯಾರ ಮೇಲಾದರೂ ಒಂದು ಏಟು ಬಿದ್ದರೆ ಸಾಕು, ಮತ್ತೆ ಒಳಗೆ.

ಬಂದು ಚಹಾ ಕುಡಿದ. ಎರಡು ಟೋಸ್ಟ್ ತಿಂದ. ಕಾರಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ಗ್ಯಾರೇಜಿಗೆ ಬಂದ.

“ನನ್ ಕಾರೆಲ್ಲೋ?”

“ಇಲ್ಲೇ ಇದೆಯಲ್ಲೋ,” ಎಂದ ಗ್ಯಾವಿನ್ ನಗುತ್ತಾ. ನಿಜಕ್ಕೂ ಖುಷಿಯಲ್ಲಿದ್ದ. “ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು, ಎಲ್ಲಾ ನಿಂದೇ. ಮಿಕ್ಕಿದ್ದು ಬರೀ ತುಕ್ಕು, ಗುಜರಿಗೆ ಹಾಕ್ದೆ. ಈಗ ಅರ್ಧ ಭಾರನೂ ಇಲ್ಲ, ಹೆಂಗೆ ಹಾರತ್ತೆ ನೋಡು!”

ಆಗಲೇ ಗುದ್ದು ಬಿದ್ದದ್ದು.

ಗ್ಯಾವಿನ್ ಸುಮ್ಮನಿರಲಿಲ್ಲ. ಕೈಗೆ ಸಿಕ್ಕ ಸ್ಪ್ಯಾನರಿನಿಂದ ತಮ್ಮನ ಭುಜಕ್ಕೆ ಬಾರಿಸಿದ. ಇಬ್ಬರೂ ಬಣ್ಣದ ಡಬ್ಬಿಗಳ ಮೇಲೆ ಬಿದ್ದರು. ನಡುವೆ ನುಗ್ಗಿದ ನನ್ನ ತುಟಿಗೆ ಯಾರದೋ ಮೊಣಕೈ ತಗುಲಿತು. ಯಾರದೆಂದು ಇವತ್ತಿಗೂ ನಾನು ಹೇಳಿಲ್ಲ.

“ಅಮ್ಮನಿಗೆ ರಕ್ತ ಬರ್ತಿದೆ, ಬಿಡೋ!” ಎಂದು ಗ್ಯಾವಿನ್ ಕೂಗಿದ ಮೇಲೆ ಕೈಗಳು ಸಡಿಲಾದವು.

“ಜೈಲಲ್ಲಿ ರಾತ್ರಿಯೆಲ್ಲಾ ಆ ಕಾರ್ ಓಡಿಸ್ತಿದ್ದೆ ಕಣೋ, ಕಣ್ಮುಚ್ಕೊಂಡು,” ಎಂದ ರಾಸ್. ಏದುಸಿರು. “ನಂದು ಅಂತ ಹೊರಗಿದ್ದಿದ್ದು ಅದೊಂದೇ. ಈ ಮಗೂ ತಳ್ಳೋ ಗಾಡಿಗೋಸ್ಕರ ಅದನ್ನ ಕೊಯ್ದು ಹಾಕಿದ್ಯಲ್ಲೋ, ಕಟುಕ!”

“ನಿನ್ ಎಂಜಿನ್ ತಾನೆ? ತಗೊಂಡ್ ಹೋಗು! ಈಗ್ಲೇ ಬಿಚ್ಚಿ ಕೊಡ್ತೀನಿ!”

ಗ್ಯಾವಿನ್ ಮೂಗಿಗೆ ಚಿಂದಿ ತುರುಕಿಕೊಂಡು, ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ನುಸುಳಿದ. ಮುಂದಿನ ಚಕ್ರಗಳು ಕಳಚಿದ್ದವು, ಮೂತಿಯ ಭಾಗ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಬೋಲ್ಟಿಗೆ ಸ್ಪ್ಯಾನರ್ ಕಚ್ಚಿದ ಸದ್ದು ಕೇಳಿ ರಾಸ್ ಕೆರಳಿದ. ಕೊಟ್ಟರೂ ಕೋಪ, ಕೊಡದಿದ್ದರೂ ಕೋಪ. ಬೆಂಚಿನ ಮೇಲಿದ್ದ ದಪ್ಪ ಸುತ್ತಿಗೆ ತೆಗೆದುಕೊಂಡ.

“ಬರೀ ಎಂಜಿನ್ ತಗೊಂಡು ಏನ್ ಮಾಡ್ಲೋ? ತಲೆ ಮೇಲೆ ಹೊತ್ಕೊಂಡ್ ತಿರುಗ್ಲಾ?”

ಮೊದಲ ಏಟಿಗೆ ಫೈಬರಿನ ಮೂತಿ ಚೂರಾಯಿತು. ಎರಡನೆಯದಕ್ಕೆ ದೀಪ ಹೋಯಿತು. “ರಾಸ್, ಬೇಡ, ಅವನು ಕೆಳಗಿದ್ದಾನೆ!” ಎಂದು ನಾನು ಚೀರಿದೆ. ಮೂರನೆಯ ಏಟು ಸ್ಟ್ಯಾಂಡಿನ ಕಾಲಿಗೆ ಬಿತ್ತು.

ಕಾರು ವಾಲಿ ಕೂತಿತು. ಗ್ಯಾವಿನ್ ಕೂಗಲಿಲ್ಲ, ಒಮ್ಮೆ ನರಳಿದ, ಅಷ್ಟೇ. ಚಾಸಿಯ ಕೊಳವೆ ಅವನ ತೋಳು ಮತ್ತು ಎದೆಯ ಮೇಲೆ ಒರಗಿತ್ತು. ಹೊರಗೆ ಕಾಣುತ್ತಿದ್ದ ಅವನ ಬೂಟುಗಳು ನೆಲವನ್ನು ಕೆರೆದವು, ಆಮೇಲೆ ನಿಧಾನವಾದವು.

ರಾಸ್ ಸುತ್ತಿಗೆ ಬಿಸಾಡಿದ. ಚಾಸಿಯ ಕೆಳಗೆ ಬೆರಳು ತೂರಿಸಿ, ಮಂಡಿ ಬಾಗಿಸಿ, ಮೃಗದ ಹಾಗೆ ಅರಚುತ್ತಾ ಎತ್ತಿದ. ಕಾರಿನ ಮೂಲೆ ಎದ್ದಿತು! ಗ್ಯಾವಿನ್ ಎರಡು ಚಳಿಗಾಲ ಪ್ರತಿ ಪಟ್ಟಿಗೂ ತೂತು ಕೊರೆದು ಭಾರ ಇಳಿಸಿದ್ದ. ಊಟದ ಮೇಜಿನಲ್ಲೂ ಅದೇ ಜಂಬ ಕೊಚ್ಚಿ ನನ್ನ ತಲೆ ತಿನ್ನುತ್ತಿದ್ದ. ಆ ಹಳೆಯ ನೀಲಿ ಕಾರಾಗಿದ್ದರೆ ಯಾರ ತೋಳಿಗೂ ಜಗ್ಗುತ್ತಿರಲಿಲ್ಲ.

“ಅಮ್ಮಾ, ಚಕ್ರ! ಚಕ್ರ ತಳ್ಳು!”

ಗೋಡೆಗೆ ಒರಗಿದ್ದ ಚಕ್ರವನ್ನು ಕೆಡವಿ ಚಾಸಿಯ ಅಡಿಗೆ ತಳ್ಳಿದೆ. ರಾಸ್ ಅದರ ಮೇಲೆ ಭಾರ ಇಳಿಸಿ, ಅಣ್ಣನ ಕಾಲು ಹಿಡಿದು ಹೊರಗೆಳೆದ. ಗ್ಯಾವಿನ್‌ನ ತೋಳು ತೋಳಿನ ಆಕಾರದಲ್ಲಿರಲಿಲ್ಲ. ಉಸಿರು ಇತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವುದರೊಳಗೆ ಸುತ್ತಿಗೆಯನ್ನು ಮಷೀನಿನೊಳಗೆ ಹಾಕಿ ಬಾಗಿಲು ಮುಚ್ಚಿದೆ. ಮೂಲೆಯಲ್ಲಿದ್ದ ಜಾಕನ್ನು ಕಾಲಿನಿಂದ ಕಾರಿನ ಬಳಿಗೆ ತಳ್ಳಿದೆ. ರಾಸ್‌ನ ಬೆರಳ ಗೆಣ್ಣುಗಳ ಚರ್ಮ ಗುದ್ದಿದ ಏಟಿಗೆ ಕಿತ್ತುಹೋಗಿತ್ತು. ಅವು ಕಾಣದಂತೆ ಒದ್ದೆ ಶೀಟನ್ನು ಅವನ ಕೈಗಳ ಮೇಲೆ ಹಾಕಿ, “ಹಿಡ್ಕೋ, ಬಿಡ್ಬೇಡ,” ಎಂದೆ.

ಆಂಬುಲೆನ್ಸಿನ ಹೆಂಗಸು ಗ್ಯಾವಿನ್‌ನ ಮೂಗು ನೋಡಿದಳು, ನನ್ನ ತುಟಿ ನೋಡಿದಳು, ಚೂರಾದ ಮೂತಿ ನೋಡಿದಳು. “ಏನಾಯ್ತಪ್ಪಾ, ನಿಜ ಹೇಳು.”

ಗ್ಯಾವಿನ್ ತಮ್ಮನ ಕಡೆ ತಿರುಗಲೂ ಇಲ್ಲ. “ಬರೀ ಜಾಕ್ ಮೇಲೆ ನಿಲ್ಸಿ ಕೆಳಗೆ ಮಲಗಿದ್ದೆ,” ಎಂದ. “ಜಾರ್ತು. ಮುಖಕ್ಕೂ ಬಡೀತು. ಎಳೆಯೋಕ್ ಬಂದು ಅಮ್ಮನೂ ಬಿದ್ಲು.”

ಕಾರು ಕಟ್ಟುವವರಲ್ಲಿ ಇದಕ್ಕಿಂತ ನಾಚಿಕೆಗೇಡಿನ ಮಾತು ಇನ್ನೊಂದಿಲ್ಲ. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು ಎನ್ನುವುದು ಅವರ ಮೊದಲ ಪಾಠ. ಅವರ ಕ್ಲಬ್ಬಿಗೆ ಬರುವ ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನು ಗ್ಯಾವಿನ್.

ತೋಳಿಗೆ ಲೋಹದ ಪಟ್ಟಿ ಹಾಕಿಸಿಕೊಂಡು ಅವನು ಮನೆಗೆ ಬಂದ ಮೇಲೆ ಕ್ಲಬ್ಬಿನ ಹಿರಿಯ ಬ್ಯಾರಿ ನೋಡಲು ಬಂದ. ಕೆಂಪು ರಿಬ್ಬನ್ ಕಟ್ಟಿದ ಹೊಸ ಸ್ಟ್ಯಾಂಡುಗಳನ್ನು ಸೋಫಾದ ಮುಂದೆ ಇಟ್ಟ.

“ತಗೋಪ್ಪಾ ಮೇಷ್ಟ್ರೇ. ಇದಕ್ಕೆ ಸ್ಟ್ಯಾಂಡ್ ಅಂತಾರೆ. ಕೆಳಗೆ ನುಸುಳೋಕ್ ಮುಂಚೆ ಇಡ್ಬೇಕು, ಆಮೇಲಲ್ಲ!”

ಗ್ಯಾವಿನ್ ನಕ್ಕ, ಪಕ್ಕೆಲುಬು ಹಿಡಿದುಕೊಂಡು. “ವಯಸ್ಸಾಯ್ತು ಬ್ಯಾರಿ, ಬುದ್ಧಿ ಮಂಕಾಯ್ತು.”

“ನಿನ್ನಂಥ ದಡ್ಡನ್ನ ಐವತ್ತು ವರ್ಷದಲ್ಲಿ ನೋಡಿಲ್ಲ ಕಣಯ್ಯಾ.”

ಬಾಗಿಲ ಬಳಿ ನಿಂತಿದ್ದ ರಾಸ್‌ನ ಕೈ ಮುಷ್ಟಿಯಾಯಿತು. ನಾನು ಚಹಾದ ತಟ್ಟೆ ಹಿಡಿದೇ ಅವನ ದಾರಿಗೆ ಅಡ್ಡ ನಿಂತೆ. ಅವನು ನನ್ನನ್ನು ಬಳಸಿಕೊಂಡು ಬಂದು ಸ್ಟ್ಯಾಂಡುಗಳನ್ನು ಎತ್ತಿಕೊಂಡ. ಗ್ಯಾರೇಜಿನ ಕಡೆ ಹೋದ.

ಬ್ಯಾರಿ ಹೊರಟ ಮೇಲೆ ಒಗೆಯುವ ಬಟ್ಟೆ ಹಿಡಿದು ನಾನೂ ಹೋದೆ. ಕಾರು ಹೊಸ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ರಾಸ್ ಅದರ ಕೆಳಗೆ ಮಲಗಿದ್ದ, ಅಣ್ಣ ಮಲಗಿದ್ದ ಜಾಗದಲ್ಲೇ. ಅರ್ಧ ಸಡಿಲವಾಗಿದ್ದ ಎಂಜಿನ್ನಿನ ಬೋಲ್ಟನ್ನು ಮತ್ತೆ ಬಿಗಿಯುತ್ತಿದ್ದ.

“ಅಮ್ಮಾ, ಕಾರನ್ನ ಅಲ್ಲಾಡ್ಸು.”

ಒಂದು ಕೈಯಿಂದ ಮೆಲ್ಲಗೆ ಅಲ್ಲಾಡಿಸಿದೆ.

“ಹಾಗಲ್ಲ. ಜೋರಾಗಿ. ಸ್ಟ್ಯಾಂಡಿಗೆ ಒದಿ.”

“ಒದಿಯಲ್ಲ ಕಣೋ,” ಎಂದೆ.

ಬಟ್ಟೆಯ ಬುಟ್ಟಿ ಕೆಳಗಿಟ್ಟು, ಅವತ್ತಿನ ಅದೇ ಬಿಡಿ ಚಕ್ರವನ್ನು ಉರುಳಿಸಿ ತಂದು, ಚಾಸಿಯ ಅಡಿಗೆ ಅವನ ಪಕ್ಕದಲ್ಲೇ ಮಲಗಿಸಿದೆ. ಆಮೇಲೆ ಮಷೀನಿಗೆ ಬಟ್ಟೆ ತುಂಬಿದೆ.