ಕೈಗಳನ್ನು ಬಿಟ್ಟು ಕೊಟ್ಟ ಅಳತೆ

ಅವರ ಗಾಲಿಕುರ್ಚಿಯ ಬೆನ್ನಿಗೆ ಯಾರ ಕೈಯಾದರೂ ತಾಗಿತೆಂದರೆ ಸಾಕು, ತಿರುಗಿಯೂ ನೋಡದೆ "ಕೈ ತೆಗೀರಿ" ಎನ್ನುತ್ತಿದ್ದರು. ನಮಸ್ಕಾರ, ಕುಶಲ ಎಲ್ಲ ಆಮೇಲೆ. ಬೀದಿಗೆಲ್ಲ ಟೇಲರ್ ಮಾವನಾಗಿದ್ದ ಈ ಮನುಷ್ಯ, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಇಪ್ಪತ್ತು ವರ್ಷವಾದರೂ, ಹೊಲಿಗೆ ಯಂತ್ರವನ್ನು ಕೈಯಿಂದಲೇ ತಿರುಗಿಸುತ್ತ, ಚಕ್ರಕ್ಕೆ ಸಿಕ್ಕದಂತೆ ತಮ್ಮ ಅಂಗಿಯ ತೋಳನ್ನು ಮೊಣಕೈಗೇ ಕತ್ತರಿಸಿಕೊಂಡು, ಕೊರಳಲ್ಲಿ ಟೇಪು ಇಳಿಬಿಟ್ಟು, ಯಾರ ಹಂಗೂ ಬೇಡವೆಂಬ ಠೀವಿಯಲ್ಲಿ ಬದುಕಿದ್ದರು. ಪಕ್ಕದ ಮನೆಯವನಾದ ನನಗೆ ಆ ಠೀವಿಯ ಮೇಲೆ ಸಿಟ್ಟೂ ಇತ್ತು, ಗೌರವವೂ ಇತ್ತು.

ಹೆದ್ದಾರಿಯ ಕೆಳಗಿನ ಸುರಂಗದಾರಿಯ ಮೆಟ್ಟಿಲು ಒಡೆಸಿ ಇಳಿಜಾರು ಕಟ್ಟಿಸಿದ್ದು ಅವರ ಅರ್ಜಿಗಳೇ. ಬೈಕಿನವರು ಒಳಗೆ ನುಗ್ಗತೊಡಗಿದಾಗ ಎರಡೂ ಬಾಯಿಗೆ ಕಂಬ ನೆಡಲು ಬಂದ ಇಂಜಿನಿಯರು, ಕುರ್ಚಿಗೆ ಎಷ್ಟು ಜಾಗ ಬೇಕೆಂದು ಕೇಳಿದರು. ಮಾವ ಚಕ್ರದಿಂದ ಚಕ್ರಕ್ಕೆ ಟೇಪು ಹಿಡಿದು, ಒಂದು ಬೆರಳಗಲ ಸೇರಿಸಿ ಹೇಳಿದರು. ಊರವರ ಅಂಗಿಗೆಲ್ಲ ಧಾರಾಳವಾಗಿ ಸಡಿಲ ಬಿಡುತ್ತಿದ್ದವರು, ಚಕ್ರ ತಿರುಗಿಸುವ ತಮ್ಮ ಕೈಗಳನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟೇ ಅಂತರ ಬಿಟ್ಟು, ಹಿಡಿಗೆ ಸಿಗದಷ್ಟು ದಪ್ಪನೆಯ ಕಾಂಕ್ರೀಟ್ ಕಂಬಗಳು ಎದ್ದವು. ಇಳಿಯುವಾಗ ಹೇಗೋ ಕೈಯೆತ್ತಿ ಜಾರುತ್ತಿದ್ದರು. ಏರುವ ಬಾಯಲ್ಲಿ ಕೈಬಿಟ್ಟರೆ ಕುರ್ಚಿ ಹಿಂದಕ್ಕೆ ಉರುಳುತ್ತಿತ್ತು, ಬಿಡದಿದ್ದರೆ ಗೆಣ್ಣು ಸುಲಿಯುತ್ತಿತ್ತು.

"ಇನ್ನೊಂದು ಅರ್ಜಿ ಬರೀಬಾರದಾ ಮಾವ?" ಎಂದೆ.

"ಅಳತೆ ಕೊಟ್ಟವನೇ ನಾನು ಕಣೋ. ಯಾವ ಮುಖ ಇಟ್ಕೊಂಡು ಬರೀಲಿ?"

ಅದೇ ತಿಂಗಳು ಅವರ ಹೆಂಡತಿ ಹೆದ್ದಾರಿಯಾಚೆಯ ಆಸ್ಪತ್ರೆ ಸೇರಿದರು. ಮನೆಗೆ ಮರಳುವ ಕಾಯಿಲೆಯಲ್ಲ. ಮಾವ ದಿನವೂ ಗೆಣ್ಣಿಗೆ ಬಟ್ಟೆಯ ಚೂರು ಸುತ್ತಿಕೊಂಡು ಹೋಗುತ್ತಿದ್ದರು. ಸೂಜಿ ಚುಚ್ಚಿತೆಂದು ಸುಳ್ಳು ಹೇಳಿದರೆ ಆಕೆ ಮಲಗಿದಲ್ಲಿಂದಲೇ, "ಅಷ್ಟು ದಪ್ಪ ಸೂಜಿ ಯಾವುದ್ರೀ?" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ನರ್ಸ್ ಫೋನ್ ಮಾಡಿ ಬೇಗ ಬನ್ನಿ ಎಂದಳು. ನಾನೂ ಜೊತೆಗೆ ಓಡಿದೆ. ಏರುವ ಬಾಯಲ್ಲಿ, ಕೀವು ತುಂಬಿದ ಗೆಣ್ಣು ಕಂಬಕ್ಕೆ ತಾಗಿದೊಡನೆ ಹಿಡಿತ ತಪ್ಪಿ, ಕುರ್ಚಿ ಮೂರು ಸಲ ಹಿಂದೆ ಸರಿಯಿತು. ನಾಲ್ಕನೆಯ ಸಲ ನಾನು ಕೈ ಹಾಕಿದೆ. "ಕೈ ತೆಗಿಯೋ!" ಎಂದು ಗದರಿದರು. ತೆಗೆದೆ. ಐದನೆಯ ಸಲಕ್ಕೆ ದಾಟಿದಾಗ ಎರಡೂ ಚಕ್ರಕ್ಕೆ ರಕ್ತ ಮೆತ್ತಿತ್ತು. ವಾರ್ಡಿನಲ್ಲಿ ಆಕೆಯ ಮುಖದ ಮೇಲೆ ಹೊದಿಕೆ ಎಳೆದಾಗಿತ್ತು.

"ಈಗಷ್ಟೇ ಹೋದ್ರು. ನಿಮ್ಮನ್ನೇ ಕೇಳ್ತಿದ್ರು," ಎಂದಳು ನರ್ಸ್.

ಮಾವ ನನ್ನತ್ತ ತಿರುಗಿದರು. "ನೀನಾದ್ರೂ ತಳ್ಳಬಾರದಿತ್ತೇನೋ?"

ಇಂಥವರು ಲೋಕದಲ್ಲಿ ಜಾಗ ಕೇಳುವಾಗಲೂ ಯಾರಿಗೂ ತೊಂದರೆಯಾಗದಷ್ಟೇ ಕೇಳುತ್ತಾರೆ. ಲೋಕವೂ ಅಷ್ಟನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಡಿಮೆ ಬಿದ್ದದ್ದನ್ನು ಅವರು ತಮ್ಮ ಚರ್ಮದಿಂದಲೇ ತುಂಬುತ್ತಾರೆ. ನಾವು ಅದನ್ನು ಸ್ವಾಭಿಮಾನವೆಂದು ಹೊಗಳುತ್ತ, ಎರಡು ಹೆಜ್ಜೆ ಹಿಂದೆ ನಿಂತಿರುತ್ತೇವೆ.