ಗೋಂದಮ್ಮನ ಮ್ಯಾಂಡೊಲಿನ್

ಮ್ಯಾಂಡೊಲಿನ್ ಮಾಡಿದವಳಿಗೆ ಅದನ್ನು ನುಡಿಸಲು ಬರುತ್ತಿರಲಿಲ್ಲ. ನುಡಿಸುವವಳಿಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಮಾಡಿದವಳು ತಂಗಿ, ನುಡಿಸುವವಳು ಅಕ್ಕ. ಜಗಳಕ್ಕೆ ಇಷ್ಟು ಸಾಲದೇ?

ತಂಗಿಯನ್ನು ಬೀದಿಯವರೆಲ್ಲ ಗೋಂದಮ್ಮ ಎನ್ನುತ್ತಿದ್ದರು. ಕಪಾಟು, ಕುರ್ಚಿ, ಮೇಜು ಮಾಡುವ ಅವಳ ಬೆರಳುಗಳಿಗೆ ಸದಾ ಒಣಗಿದ ಗೋಂದು ಅಂಟಿರುತ್ತಿತ್ತು. ಅಕ್ಕ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಸಂಜೆ ಹೊತ್ತು ಒಂದು ಸಣ್ಣ ತಂಡದ ಜೊತೆ ಮ್ಯಾಂಡೊಲಿನ್ ನುಡಿಸುತ್ತಿದ್ದಳು. ಅವಳ ಹಳೆಯ ವಾದ್ಯ ಬಿದ್ದು ಸೀಳಿದಾಗ ಗೋಂದಮ್ಮ, "ಅಂಗಡಿಯದ್ದು ಯಾಕೆ? ನಾನಿಲ್ವಾ?" ಎಂದು ಎದೆ ತಟ್ಟಿಕೊಂಡಿದ್ದಳು. ಯಾರೋ ಬಿಸಾಡಿದ್ದ ಪಿಯಾನೋದ ಒಳಹಲಗೆಯನ್ನು ಬಿಚ್ಚಿ ತಂದು, ಬೆರಳಿನಿಂದ ಒತ್ತಿದರೆ ಮಣಿಯುವಷ್ಟು ತೆಳುವಾಗಿ ಕೀಸಿ, ಚಪ್ಪಟೆ ಮುಖದ ಮ್ಯಾಂಡೊಲಿನ್ ಕಟ್ಟಿದ್ದಳು. ಕುತ್ತಿಗೆಗೆ ಹಳೇ ಬಾಗಿಲಿನ ಚೌಕಟ್ಟಿನ ಮರ. "ಒಳಗೊಂದು ಕಬ್ಬಿಣದ ಪಟ್ಟಿ ಕೂರಿಸಿ" ಎಂದು ತಂಡದ ಗಿಟಾರಿನವನು ಹೇಳಿದಾಗ, "ಈ ಮರ ಬಾಗೋ ಜಾತಿಯದಲ್ಲ" ಎಂದು ಅವನ ಬಾಯಿ ಮುಚ್ಚಿಸಿದ್ದಳು.

ತಂತಿ ಕಟ್ಟಿದ ಬೆಳಿಗ್ಗೆ, ನುಡಿಸಲು ಬಾರದಿದ್ದರೂ, ಹೆಬ್ಬೆರಳಿನಿಂದ ಒಮ್ಮೆ ಮೀಟಿದಳು. ಎಂಟೂ ತಂತಿ ಒಟ್ಟಿಗೆ ಎದ್ದವು. ಎದ್ದ ದನಿ ಕೂರಲೇ ಇಲ್ಲ. ಕಿಟಕಿಯ ಗಾಜಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ತನಗೆ ಮನಸ್ಸು ಬಂದಾಗ ಹೋಯಿತು. ಗೋಂದಮ್ಮ ಕೈಲಿದ್ದ ಉಳಿ ಕೆಳಗಿಟ್ಟು ಕೂತುಬಿಟ್ಟಳು. ಇಷ್ಟು ವರ್ಷ ಮಾಡಿದ ಕಪಾಟುಗಳಲ್ಲಿ ಒಂದಾದರೂ ಅವಳನ್ನು ಹೀಗೆ ಮಾತಾಡಿಸಿರಲಿಲ್ಲ.

ಈಗ ಅದೇ ಮ್ಯಾಂಡೊಲಿನ್ ಮೂರನೇ ಸಲ ವಾಪಸು ಬಂದಿತ್ತು.

ಅಕ್ಕ ಪೆಟ್ಟಿಗೆಯನ್ನು ಮರದ ಹೊಟ್ಟು ತುಂಬಿದ ಮೇಜಿನ ಮೇಲೆ ಧೊಪ್ಪನೆ ಇಟ್ಟಳು. "ತಗೋ ನಿನ್ನ ಕೂಸನ್ನ. ನೋಡೋಕೆ ಮದುಮಗಳು, ನುಡಿಸೋಕೆ ಅತ್ತೆ."

"ಮತ್ತೇನಾಯ್ತು?"

"ಅದೇ ರಾಮಾಯಣ. ಒತ್ತಿದ್ರೆ ಬೆರಳು ಹೋಗುತ್ತೆ, ಒತ್ತದಿದ್ರೆ ಸ್ವರ ಹೋಗುತ್ತೆ."

ಮೊದಲ ಸಲ ತಂತಿ ಎತ್ತರ ಎಂದಿದ್ದಳು. ಗೋಂದಮ್ಮ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯನ್ನು ಉಜ್ಜಿ ತಗ್ಗಿಸಿದಳು. ಎರಡನೇ ಸಲ, ಬೆರಳೊತ್ತುವ ಮೇಲಿನ ಮನೆಗಳಲ್ಲಿ ತಂತಿ ಜೇನುನೊಣದಂತೆ ಗುಂಯ್‌ಗುಡುತ್ತದೆ ಎಂದು ತಂದಳು. ಗೋಂದಮ್ಮ ಕುದುರೆಯ ಕೆಳಗೆ ಚಕ್ಕೆ ಕೊಟ್ಟು ಎತ್ತರಿಸಿದಳು. ಈಗ ಮತ್ತೆ ಎತ್ತರವಂತೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು ಅವಳ ಪಾಡು.

"ಆದರೆ ದನಿ?" ಎಂದಳು ಗೋಂದಮ್ಮ. "ದನಿ ಹೇಗಿದೆ ಹೇಳು."

"ದನಿ ಬಂಗಾರ. ಯಾರು ಇಲ್ಲ ಅಂದ್ರು? ಬಂಗಾರದ ಸೂಜಿ ಅಂತ ಕಣ್ಣಿಗೆ ಚುಚ್ಕೊಳ್ಳೋಕಾಗುತ್ತಾ?"

ಗೋಂದಮ್ಮನಿಗೆ ರೇಗಿತು. "ವಾದ್ಯದಲ್ಲಿ ಏನೂ ಇಲ್ಲ ಅಕ್ಕಾ. ನಿನಗೆ ವಯಸ್ಸಾಯ್ತು. ಬೆರಳು ಮೆತ್ತಗಾಗಿವೆ."

ಅಕ್ಕ ಎಡಗೈ ಚಾಚಿ ತಂಗಿಯ ಮುಖದ ಮುಂದೆ ಹಿಡಿದಳು. ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ತೋರುಬೆರಳಿಗೆ ಸುತ್ತಿದ್ದ ಪಟ್ಟಿಯ ಅಂಚಿನಲ್ಲಿ ರಕ್ತ ಒಣಗಿತ್ತು. "ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಇದರಲ್ಲೇ ದಿನಾ ನುಡಿಸ್ದೆ ಕಣೇ," ಎಂದು ಹೇಳಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದಳು.

ಆಮೇಲೆ ಗೋಂದಮ್ಮ ಉಕ್ಕಿನ ಅಳತೆಪಟ್ಟಿಯನ್ನು ತಂತಿಗಳ ಕೆಳಗೆ ಕುತ್ತಿಗೆಯುದ್ದಕ್ಕೂ ಇಟ್ಟು, ಕಿಟಕಿಗೆ ಹಿಡಿದು ನೋಡಿದಳು. ಪಟ್ಟಿಗೂ ಮರಕ್ಕೂ ನಡುವೆ ಬೆಳಕು ತೂರಿ ಬರುತ್ತಿತ್ತು. ಬಾಗದ ಜಾತಿಯ ಮರ ಎಂಟು ತಂತಿಗಳ ಎಳೆತಕ್ಕೆ ಬಾಗಿ ಕೂತಿತ್ತು. ಇದನ್ನು ಮೊದಲ ಸಲವೇ ನೋಡಬಹುದಿತ್ತು. ನೋಡಲು ಮನಸ್ಸಿರಲಿಲ್ಲ, ಅಷ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅವಳಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿದ್ದ ಅರ್ಧಂಬರ್ಧ ಸ್ಟೂಲನ್ನು ಒದ್ದು, ಕಾಲು ಹಿಡಿದುಕೊಂಡು ಕುಂಟಿದಳು.

ಬೇರೆ ದಾರಿಯಿರಲಿಲ್ಲ. ಕುತ್ತಿಗೆಯ ಮೇಲೆ ಅಂಟಿಸಿದ್ದ, ಬೆರಳೊತ್ತುವ ಹಲಗೆಯನ್ನು ಗೋಂದು ಬಿಡುವಂತೆ ಬಿಸಿಮಾಡಿ ಎಬ್ಬಿಸಬೇಕಿತ್ತು. ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದಳು. ವ್ಯಾನ್ ಓಡಿಸುವ ಗಂಡ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತ.

"ಅಬ್ಬಾ, ಮ್ಯಾಂಡೊಲಿನ್‌ಗೆ ಇಸ್ತ್ರಿ! ನನ್ನ ಅಂಗಿಗಿಲ್ಲದ ಭಾಗ್ಯ."

"ಸುಮ್ನಿರ್ರೀ, ಕೈ ನಡುಗುತ್ತೆ."

ನಡುಗಿಯೇಬಿಟ್ಟಿತು. ಹಲಗೆ ಅರ್ಧ ಎದ್ದು, ಮಿಕ್ಕರ್ಧ ಮೊಂಡು ಹಿಡಿದು, ಚಟ್ ಎಂದು ಅಂಚಿನಲ್ಲಿ ಸೀಳಿತು. ಗೋಂದಮ್ಮ ಬೈದ ಬೈಗುಳಕ್ಕೆ ಗಂಡ ಊಟದ ಡಬ್ಬಿ ಸಮೇತ ಹೊರಗೆ ಹೋದ. ಸೀಳಿಗೆ ಗೋಂದು ತುಂಬಿದಳು, ಕುತ್ತಿಗೆಯಲ್ಲಿ ಕಾಲುವೆ ಕೊರೆದು ಕಬ್ಬಿಣದ ಪಟ್ಟಿ ಹೂತಳು, ಹಲಗೆಯನ್ನು ಮತ್ತೆ ಕೂರಿಸಿ ಬಿಗಿದು ಕಟ್ಟಿದಳು. ಕುತ್ತಿಗೆ ನೆಟ್ಟಗಾಯಿತು. ಕುದುರೆಯನ್ನು ಧೈರ್ಯವಾಗಿ ತಗ್ಗಿಸಿದಳು. ತಂತಿ ಕಟ್ಟಿ, ಉಸಿರು ಹಿಡಿದು ಮೀಟಿದಳು.

ದನಿ ಬಂತು. ಸ್ಪಷ್ಟವಾಗಿತ್ತು, ಚೊಕ್ಕವಾಗಿತ್ತು. ಆದರೆ ಕಿಟಕಿಯವರೆಗೆ ಹೋಗಲಿಲ್ಲ. ಹೇಳಿದ ಮಾತು ಮುಗಿಸಿ ಎದ್ದುಹೋಗುವ ಗುಮಾಸ್ತನಂತೆ ಹೋಗಿಬಿಟ್ಟಿತು. ಕುದುರೆ ತಗ್ಗಿದ ಮೇಲೆ ತಂತಿ ವಾದ್ಯದ ಮುಖದ ಹಲಗೆಯನ್ನು ಮೊದಲಿನಂತೆ ಒತ್ತುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಮೇಲೆ ಕೆಳಗೆ ಮಾಡಿ ಸಂಜೆಯವರೆಗೆ ಒದ್ದಾಡಿದಳು. ತಗ್ಗಿಸಿದರೆ ದನಿ ಕುಗ್ಗುತ್ತಿತ್ತು, ಎತ್ತರಿಸಿದರೆ ಅಕ್ಕನ ಬೆರಳು ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಬೆರಳ ಪರವಾಗಿ ಕುದುರೆಯನ್ನು ತಗ್ಗಿಸಿಯೇ ಬಿಟ್ಟಳು.

ಮರುದಿನ ಅಕ್ಕ ಬಂದು ಸ್ಟೂಲಿನ ಮೇಲೆ ಕೂತು, ಅನುಮಾನದಿಂದಲೇ ಒಂದು ತುಣುಕು ನುಡಿಸಿದಳು. ಆಮೇಲೆ ಇನ್ನೊಂದು, ಅದರ ದುಪ್ಪಟ್ಟು ವೇಗದಲ್ಲಿ. ಮುಖ ಅರಳಿತು. "ಅಯ್ಯೋ ಕತ್ತೆ! ಇದನ್ನ ಮೊದಲೇ ಮಾಡಿದ್ರೆ ಏನಾಗ್ತಿತ್ತು? ಬೆಣ್ಣೆ ಒತ್ತಿದ ಹಾಗಿದೆ."

"ದನಿ ಕೇಳ್ತಾ?"

"ಕೇಳ್ತು. ಚೆನ್ನಾಗಿದೆ."

"ಸರಿಯಾಗಿ ಕೇಳು. ಮೊದಲು ಸ್ವರ ಉಳೀತಿತ್ತು. ಈಗ ಬೇಗ ಸಾಯುತ್ತೆ."

"ಸಾಯಲಿ ಬಿಡೇ. ಅಷ್ಟೊತ್ತಿಗೆ ನಾನು ಮುಂದಿನ ಸ್ವರದಲ್ಲಿರ್ತೀನಿ."

ಆ ವಾರ ಗಂಡನ ಒತ್ತಾಯಕ್ಕೆ ಗೋಂದಮ್ಮ ಹೋಟೆಲಿಗೆ ಹೋದಳು. ತಟ್ಟೆ ಚಮಚಗಳ ಸದ್ದು, ಮಾತು, ನಗು. ಅದರ ನಡುವೆ ಅಕ್ಕ, ಹಳೇ ವಾದ್ಯದಲ್ಲೂ ನುಡಿಸಲಾಗದಿದ್ದ ಓಟದ ತುಣುಕೊಂದನ್ನು ನುಡಿಸಿದಳು. ಪಕ್ಕದ ಮೇಜಿನವರು ಊಟ ನಿಲ್ಲಿಸಿ ತಿರುಗಿ ನೋಡಿದರು. ಗಂಡ ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡ. "ನಿನ್ನ ಕೈಕೆಲಸ ಕಣೇ!" ಎಂದು ಅವಳ ಭುಜ ಅಲುಗಾಡಿಸಿದ. ಗೋಂದಮ್ಮನೂ ಚಪ್ಪಾಳೆ ತಟ್ಟಿದಳು. ಆದರೆ ಪ್ರತಿ ತುಣುಕಿನ ಕೊನೆಯಲ್ಲಿ, ಜನ ಕೂಗುವ ಮುನ್ನ, ಅವಳ ಕಿವಿ ಬಾರದ ದನಿಗಾಗಿ ಕಾಯುತ್ತಿತ್ತು. ಅಲ್ಲಿದ್ದವರಲ್ಲಿ ಅದನ್ನು ಕಳೆದುಕೊಂಡವಳು ಅವಳೊಬ್ಬಳೇ.

ವಾದನ ಮುಗಿದ ಮೇಲೆ ಅಡುಗೆಮನೆಯ ಹಿಂದಿನ ಕೋಣೆಗೆ ಹೋದಳು. ಅಕ್ಕ ಬೆವರು ಒರೆಸಿಕೊಳ್ಳುತ್ತಿದ್ದಳು. ಬೆರಳಿಗೆ ಈಗ ಪಟ್ಟಿ ಇರಲಿಲ್ಲ.

"ಒಂದು ವಾರ ಕೊಡು ಅಕ್ಕಾ. ಕುದುರೆ ಬೇರೆ ಮರದಲ್ಲಿ ಮಾಡಿ ನೋಡ್ತೀನಿ. ಎತ್ತರ ಇಷ್ಟೇ ಇಡ್ತೀನಿ."

ಅಕ್ಕ ಮ್ಯಾಂಡೊಲಿನ್ ಅನ್ನು ಎದೆಗೆ ಅವಚಿಕೊಂಡಳು. "ಕೊಡಲ್ಲ. ಕೈ ಹಾಕಿದ್ರೆ ಕೈ ಮುರೀತೀನಿ."

"ತಂತಿ ಬದಲಾಯಿಸೋಕಾದ್ರೂ ನನ್ನ ಹತ್ರಾನೇ ಬರಬೇಕಲ್ಲ."

"ಬರ್ತೀನಿ. ಕುದುರೆ ಮುಟ್ಟಲ್ಲ ಅಂತ ಆಣೆ ಹಾಕು."

"ಹಾಕಲ್ಲ," ಎಂದಳು ಗೋಂದಮ್ಮ.